ಗಾದಿ ಹಾಸಿದರೂ ಇಳಿಯದ ನಬಿಲಾಲ

ಝಳಕಿಯ ಚಹಾದಂಗಡಿಗಳಲ್ಲಿ ಮೊದಲ ಹಾಲು ಉಕ್ಕುವ ಹೊತ್ತಿಗೆ ನಬಿಲಾಲ ನದಾಫ ಅವರು ಅಂದಿನ ಮೊದಲ ಬೀಳಾಟಕ್ಕೆ ತಯಾರಾಗಿರುತ್ತಾರೆ. ಕೆಳಗೆ ನಿಂಬೆ ತೋಟ, ಬಿಳಿಜೋಳದ ಹೊಲ, ಹೆದ್ದಾರಿಯಲ್ಲಿ ಸಾಲುಗಟ್ಟಿದ ಲಾರಿಗಳು. ಮೇಲೆ ಎರಡೇ ಸೀಟಿನ ಪುಟ್ಟ ಹೆಲಿಕಾಪ್ಟರ್. ಪಕ್ಕದಲ್ಲಿ ಕೂತ ಶಿಷ್ಯ ಸೂರ್ಯೋದಯ ನೋಡುತ್ತ ಹಾಯಾಗಿ ಹಾರಿಸುತ್ತಿರುವಾಗ ನಬಿಲಾಲರು ಸದ್ದಿಲ್ಲದೆ ಎಂಜಿನ್ನಿನ ಜೋರು ಪೂರ್ತಿ ಇಳಿಸಿಬಿಡುತ್ತಾರೆ.

"ಎಂಜಿನ್ ಹೋತಪಾ. ಎಲ್ಲಿ ಇಳಸ್ತಿ?"

ಶಿಷ್ಯನಿಗೆ ಆಮೇಲೆ ಸೂರ್ಯನೂ ಬೇಡ, ಉದಯವೂ ಬೇಡ. ಕಣ್ಣು ಕೆಳಗೆ ಸಮತಟ್ಟು ನೆಲ ಹುಡುಕುತ್ತಿರುತ್ತದೆ. ನಬಿಲಾಲರ ದಿನದ ಕೆಲಸ ಶುರುವಾಗುವುದೇ ಹೀಗೆ.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲು ಬಿದ್ದಂತೆ ಬೀಳುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಹಾಗೇನಿಲ್ಲ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ತಲೆಯ ಮೇಲಿನ ರೆಕ್ಕೆಯನ್ನು ತಿರುಗಿಸುತ್ತದೆ. ಆ ಸುತ್ತನ್ನು ಜೋಪಾನವಾಗಿ ಉಳಿಸಿಕೊಂಡು ಬಂದವನು ನೆಲದ ಹತ್ತಿರ ಮೂತಿ ಎತ್ತಿ ಮೆತ್ತಗೆ ಕೂರಬಹುದು. ಅಭ್ಯಾಸದಲ್ಲಿ ಎಂಜಿನ್ ಪೂರ್ತಿ ಆರಿರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಲೆಕ್ಕ ತಪ್ಪಿತೆನ್ನಿಸಿದರೆ ಅದನ್ನು ಎಬ್ಬಿಸಿ ಮೇಲೇರಬಹುದು. ಆದರೆ ಏಳಲು ಅದಕ್ಕೊಂದು ಗಳಿಗೆ ಬೇಕು. ಹಾಗಾಗಿ ಇಳಿಯಬೇಕೋ, ಬಿಟ್ಟು ಹೋಗಬೇಕೋ ಎಂಬ ತೀರ್ಮಾನ ಇನ್ನೂರು ಅಡಿ ಎತ್ತರದಲ್ಲೇ ಆಗಬೇಕು. ದಿನಕ್ಕೆ ಹತ್ತು ಹನ್ನೆರಡು ಸಲ ನಬಿಲಾಲರು ಹೀಗೆ ಬೀಳುತ್ತಾರೆ, ಬೀಳುತ್ತಲೇ ಶಿಷ್ಯನ ಮುಖ ನೋಡುತ್ತಿರುತ್ತಾರೆ.

ಸೈನ್ಯದಲ್ಲಿ ವರ್ಷಗಟ್ಟಲೆ ಹಿಮದ ಬೆಟ್ಟಗಳ ನಡುವೆ ಹಾರಿಸಿ ನಿವೃತ್ತರಾದ ಅವರು ಈಗ ಜಿಲ್ಲೆಯ ಖಾಸಗಿ ತರಬೇತಿ ಕೇಂದ್ರವೊಂದರ ಗುರು. ಮನೆತನದ ಕಸುಬು ಹತ್ತಿ ಹಿಂಜಿ ಗಾದಿ ಹೊಲಿಯುವುದು. ತಾಯಿ ಮಾಬುಬಿ ಹೊಲಿದ ಗಾದಿಯಿಲ್ಲದೆ ಇಂಡಿ ತಾಲ್ಲೂಕಿನಲ್ಲಿ ಮದುವೆಗಳಾದದ್ದು ಕಡಿಮೆ. ಅಂಥವರಿಗೆ ಮಗನ ನೌಕರಿ ನಾಲ್ಕು ಜನರೆದುರು ಹೇಳಿಕೊಳ್ಳುವಂತಿಲ್ಲ. "ಮಂದಿ ಮಕ್ಕಳು ಮ್ಯಾಲೆ ಹೋಗೂದು ಕಲಸ್ತಾರ, ಇಂವ ಬೀಳೂದು ಕಲಸ್ತಾನ" ಎಂದು ಹಣೆ ಹಣೆ ಬಡಿದುಕೊಳ್ಳುತ್ತಾರೆ. ಬಸವನ ಬಾಗೇವಾಡಿಯ ಬೀಗರ ಮುಂದೆ ಮಾತ್ರ, ಮಗ ಏನೋ ದೊಡ್ಡ ಸಾಲಿ ಮಾಸ್ತರ ಎಂದು ಸಾಗಹಾಕಿದ್ದಾರೆ.

ನಬಿಲಾಲರ ಕಷ್ಟವೇ ಬೇರೆ. "ಅಂಜೂ ಹುಡುಗನ್ನ ಸುಧಾರಿಸಬೌದ್ರಿ. ಇಳಿತೇನಿ ಅಂತ ಒಮ್ಮೆ ಹಟ ಹಿಡದಂವನ್ನ ಬಿಡಸೂದು ಭಾಳ ತ್ರಾಸು" ಎನ್ನುತ್ತಾರೆ. ಅಂಥವನೇ ಒಬ್ಬ ಈಗ ಅವರ ಪಾಲಿಗೆ ಬಂದಿದ್ದಾನೆ, ಸಿಂದಗಿಯ ಚೇತನಕುಮಾರ. ಕೈ ಚೊಕ್ಕ, ಕಣ್ಣು ಚುರುಕು. ಆದರೆ ಇಳಿಯಲು ಹೊರಟು ಮತ್ತೆ ಮೇಲೇರುವುದೆಂದರೆ ಅವನ ಪಾಲಿಗೆ ಕುಸ್ತಿ ಕಣದಿಂದ ಓಡಿಹೋದಷ್ಟು ಅವಮಾನ. ಜೊತೆಯವರೆಲ್ಲ ಒಬ್ಬೊಬ್ಬರೇ ಹಾರಾಡುತ್ತಿದ್ದರೂ ಇವನನ್ನು ಒಂಟಿಯಾಗಿ ಕಳಿಸಲು ನಬಿಲಾಲರಿಗೆ ಧೈರ್ಯವಾಗುತ್ತಿಲ್ಲ. ಒಂಟಿಯಾಗಿ ಹೋದವನ ಪಕ್ಕದಲ್ಲಿ ತಡೆಯುವ ಕೈ ಇರುವುದಿಲ್ಲ.

ಅಭ್ಯಾಸಕ್ಕೆ ಜಾಗ ಕೊಟ್ಟವರು ಝಳಕಿಯ ಗುರುಲಿಂಗಪ್ಪ ಗೌಡರು. ಪೀಕು ಬಾರದ ಮಡ್ಡಿ ಹೊಲ, ಗಟ್ಟಿ ನೆಲ. ಯಾರೂ ಒಳಗೆ ಬಾರದಂತೆ ಕಾಯಲು ಕೆಂಪು ಬಾವುಟ ಹಿಡಿದ ಸಿಕಂದರ ಇದ್ದಾನೆ. ಕಳೆದ ವಾರ ಗೌಡರು ಸಂತೆಯಲ್ಲಿ ಸಿಕ್ಕ ಮಾಬುಬಿಗೆ, "ನಾಳೆ ನಿನ್ನ ಮಗ ಎಂಜಿನ್ ಬಂದ್ ಮಾಡಿ ನಮ್ಮ ಮಡ್ಡಿಗೆ ಬೀಳ್ತಾನಂತ, ನೋಡಾಕ ಬಾರಬೇ" ಎಂದುಬಿಟ್ಟರು. ಹೆತ್ತ ಕರುಳು ಸುಮ್ಮನಿರುತ್ತದೆಯೇ?

ಮರುದಿನ ಮುಂಜಾನೆ ಚೇತನಕುಮಾರ ಇಳಿಸುತ್ತಿದ್ದಾನೆ. ಮಡ್ಡಿಯ ನಟ್ಟನಡುವೆ ಕೆಂಪು ಪಟ್ಟೆಯದೇನೋ ಕಾಣುತ್ತದೆ. ಇನ್ನಷ್ಟು ಇಳಿದಾಗ ಅದು ಗಾದಿ. ಒಂದಲ್ಲ, ಒಂದಕ್ಕೊಂದು ಸೇರಿಸಿ ಹೊಲಿದ ಹತ್ತಾರು ಗಾದಿ, ಮೂಲೆ ಮೂಲೆಗೆ ಲೋಡುದಿಂಬು. ತಮ್ಮ ಮನೆಯ ಹೊಲಿಗೆ ನಬಿಲಾಲರಿಗೆ ಗೊತ್ತಾಗದೇ? ರೆಕ್ಕೆಯ ಗಾಳಿಗೆ ಆ ಬಟ್ಟೆ ಹಾರಿ ಬಾಲದ ರೆಕ್ಕೆಗೆ ಸುತ್ತಿಕೊಂಡರೆ ಇಬ್ಬರಿಗೂ ಅದೇ ಕೊನೆಯ ಹಾಸಿಗೆ. ಆದರೂ ಅವರು ಮೇಲೇರು ಎನ್ನುವುದಿಲ್ಲ. ಹಿಡಿಕೆಯ ಪಕ್ಕ ಕೈ ಇಟ್ಟು, ಶಿಷ್ಯ ತಾನಾಗಿಯೇ ಇಳಿಯುವುದನ್ನು ಬಿಡಲಿ ಎಂದು ಕಾಯುತ್ತಾರೆ. ಶಿಷ್ಯ ಬಿಡುವುದಿಲ್ಲ. ಇನ್ನೂರು ಅಡಿಗೆ ನಬಿಲಾಲರೇ ಹಿಡಿದು, ಎಂಜಿನ್ ಎಬ್ಬಿಸಿ, ಮೇಲೇರುತ್ತಾರೆ.

"ಗಾದಿ ಬಿಟ್ಟು ಬಾಜೂಕ ಇಳಸ್ತಿದ್ದೆ ಸರ್" ಎಂದು ಚೇತನಕುಮಾರ ಗೊಣಗುತ್ತಾನೆ. ನಬಿಲಾಲರಿಗೆ ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಗುತ್ತದೆ.

ಕೇಂದ್ರದಲ್ಲಿ ಇಳಿದು, ಜೀಪು ಹತ್ತಿ ಮಡ್ಡಿಗೆ ಬಂದರೆ ಅಲ್ಲಿ ಎಲ್ಲರ ಮುಖವೂ ಊದಿದೆ. "ರಾತ್ರಿ ಪೂರಾ ಕುಂತು ಹೊಲದೇನಿ. ಬಂದಂಗ ಮಾಡಿ ಹೊಳ್ಳಿ ಹೋದಿ" ಎಂದು ಮಾಬುಬಿ ಕಣ್ಣು ಒರೆಸಿಕೊಳ್ಳುತ್ತಾರೆ. ಗೌಡರ ಸಿಟ್ಟು ಇನ್ನೊಂದು. "ಬಾಗಲತನಕಾ ಬಂದು ಚಾ ಕುಡೀಲಾರದ ತಿರುಗಿ ಹೋಗೂದು ಯಾವೂರ ಪದ್ಧತಿಪಾ? ಹಿಂಗಾದ್ರ ಬ್ಯಾರೆ ಹೊಲ ನೋಡ್ಕೋ." ಸಿಕಂದರನನ್ನು ಗದರೋಣವೆಂದರೆ ಗಾದಿಯ ಒಂದು ಮೂಲೆ ಹಿಡಿದು ಹಾಸಿದವನೇ ಅವನು. "ದನ, ಕುರಿ, ಮಂದಿ ಬಿಡಬ್ಯಾಡ ಅಂದಿದ್ರಿ ಸಾಹೇಬ್ರ. ಗಾದಿ ಅಂದಿರಲಿಲ್ರಿ."

ನಬಿಲಾಲರು ತಾಯಿಯ ಎದುರು ಕುಕ್ಕರಗಾಲಲ್ಲಿ ಕೂರುತ್ತಾರೆ. "ಅವ್ವಾ, ಹತ್ತಿ ಹಿಂಜೂ ಮಷಿನ್ನಿಗೆ ಸೆರಗು ಸಿಕ್ರ ಏನಾಗತೈತಿ?"

ಮಾಬುಬಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತಾವೇ ಮೊದಲ ಗಾದಿ ಸುತ್ತತೊಡಗುತ್ತಾರೆ. ಗೌಡರೂ ತಣ್ಣಗಾಗುತ್ತಾರೆ, ಆದರೆ ಮರುದಿನ ಇಳಿದು ಚಹಾ ಕುಡಿಯಲೇಬೇಕೆಂದು ಆಣೆ ಮಾಡಿಸಿಕೊಂಡ ಮೇಲೆ.

ಮರುದಿನ ಮಡ್ಡಿಯ ಅಂಚಿನಲ್ಲಿ ಅರ್ಧ ಊರು ನಿಂತಿದೆ. ನೆಲ ಚೊಕ್ಕವಾಗಿದೆ, ಒಂದು ಕಡ್ಡಿಯೂ ಇಲ್ಲ. ಚೇತನಕುಮಾರ ಇಷ್ಟು ಚೆಂದಾಗಿ ಎಂದೂ ಇಳಿಸಿದವನಲ್ಲ. ಅಷ್ಟರಲ್ಲಿ ಗಾಳಿ ತಿರುಗಿ ಬೆನ್ನಿಗೆ ಬೀಳುತ್ತದೆ, ಹಿಂದಿನಿಂದ ನೂಕುವ ಗಾಳಿಯಲ್ಲಿ ಮೆತ್ತಗೆ ಕೂರುವುದು ಕಷ್ಟ. ಕೆಳಗಿನ ಯಾರಿಗೂ ಅದು ತಿಳಿಯುವುದಿಲ್ಲ. ನಬಿಲಾಲರ ಕೈ ಹಿಡಿಕೆಯ ತನಕ ಹೋಗಿ ನಿಲ್ಲುತ್ತದೆ. ಅವರಿನ್ನೂ ಹಿಡಿದಿಲ್ಲ, ಎಂಜಿನ್ ಎದ್ದ ಸದ್ದು ಕೇಳುತ್ತದೆ. ಎಬ್ಬಿಸಿದವನು ಚೇತನಕುಮಾರ. ಅರ್ಧ ಊರಿನ ಕಣ್ಣೆದುರು ಹೆಲಿಕಾಪ್ಟರ್ ಮೇಲೇರಿ ಹೋಗುತ್ತದೆ, ಕೆಳಗೆ ಹೋ ಎಂದು ನಗೆ ಏಳುತ್ತದೆ.

ಸುತ್ತು ಹಾಕಿ ಎದುರುಗಾಳಿಗೆ ಬಂದು ಇಳಿದ ಮೇಲೆ, ಚಹಾದ ಕಪ್ಪು ಕೊಡುತ್ತ ಗೌಡರು ಕೇಳುತ್ತಾರೆ: "ಇವತ್ತ ಗಾದೀನೂ ಇರಲಿಲ್ಲ. ಮೊದಲ್ನೇ ಸಲ ಯಾಕ ಓಡಿ ಹೋದ್ರಿ?"

"ಗಾಳಿ ಹಿಂದಿಂದ ಬಂತ್ರಿ, ಮನಸು ಒಪ್ಪಲಿಲ್ರಿ" ಎಂದು ಚೇತನಕುಮಾರ ತಲೆ ತಗ್ಗಿಸುತ್ತಾನೆ. ಮಂದಿ ಮತ್ತೆ ನಗುತ್ತಾರೆ. ನಬಿಲಾಲರು ಮಾತ್ರ ನಗದೆ, ಅವನ ಹೆಗಲ ಮೇಲೆ ಕೈ ಇಡುತ್ತಾರೆ.

"ಇಳಿಯೂದು ನಾ ಕಲಸಿದ್ದೆ. ಬಿಟ್ಟು ಹೋಗೂದು ನೀನ ಕಲ್ತಿ. ನಾಳೆ ಒಬ್ಬನ ಹೋಗಿ ಬಾ."