ಫೋನ್ ಇಲ್ಲದ ದಾನಿ

“ಫೋನ್ ಇಲ್ದಿದ್ರೆ ಮೈಯಲ್ಲಿ ರಕ್ತನೂ ಇಲ್ವಾ ತಮಾ?” ಅಂಕೋಲಾದಲ್ಲಿ ಮೀನು ಮಾರುವ ಗಿರಿಜಕ್ಕ ಕೇಳಿದರು. ನಾನು ಸಾಫ್ಟ್‌ವೇರ್ ಕೆಲಸದವ. ತಾಲೂಕಿನ ರಕ್ತದಾನಿಗಳ ಡೇಟಾಬೇಸ್ ಮಾಡುತ್ತಿದ್ದೆ. ಫೋನ್ ನಂಬರಿಲ್ಲದ ಹೆಸರನ್ನು ಅದು ಸೇರಿಸಿಕೊಳ್ಳುತ್ತಿರಲಿಲ್ಲ. ಅಲ್ಲೇ ಕೂತು ಆ ನಿಯಮ ತೆಗೆದು, ಅವರ ಹೆಸರಿನ ಮುಂದೆ ‘ಓ ನೆಗೆಟಿವ್, ಮೀನುಪೇಟೆಯಲ್ಲಿ ಕೇಳಿ’ ಎಂದು ಬರೆದೆ.

ಎರಡು ತಿಂಗಳ ನಂತರ ಕಾರವಾರದ ಆಸ್ಪತ್ರೆಯಲ್ಲಿ ಹಟ್ಟಿಕೇರಿಯ ಬಾಣಂತಿಯೊಬ್ಬಳಿಗೆ ಓ ನೆಗೆಟಿವ್ ರಕ್ತ ತುರ್ತಾಗಿ ಬೇಕಾಯಿತು. ಪಟ್ಟಿಯಲ್ಲಿದ್ದ ಅದೇ ಗುಂಪಿನ ಇನ್ನಿಬ್ಬರ ಫೋನ್ ಹತ್ತಲಿಲ್ಲ. ಮೀನುಪೇಟೆಗೆ ಓಡಿದೆ. ಗಿರಿಜಕ್ಕ ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ಕೈ ತೊಳೆದು ನನ್ನ ಬೈಕ್ ಹತ್ತಿದರು.

ತಾಯಿ ಉಳಿದಳು. ಮರುವಾರ ಪೇಟೆಯ ಒಂಬತ್ತು ಹೆಂಗಸರು ತಾವಾಗಿಯೇ ಬಂದು ಹೆಸರು ಬರೆಸಿದರು. ಕಂಪನಿಗಳಿಗೆ ಎಷ್ಟೋ ಕೋಡ್ ಬರೆದುಕೊಟ್ಟಿದ್ದೇನೆ. ಹೆಮ್ಮೆಯಿಂದ ನಾಲ್ಕು ಜನರಿಗೆ ತೋರಿಸುವುದು ಮಾತ್ರ ಈ ಪಟ್ಟಿಯನ್ನೇ.