ಬಾಳೆನಾರಿನ ಗಂಟು

ಅವರ ಕೊರಳಿನ ಬಿಳಿ ಪಟ್ಟಿಯ ಮೇಲೆ ಯಾವಾಗಲೂ ನಶ್ಯದ ಕಂದು ಕಲೆ. ಬಲಗೈಯ ಹೆಬ್ಬೆರಳಿನದೂ ತೋರುಬೆರಳಿನದೂ ಅದೇ ಬಣ್ಣ. ಆ ಬೆರಳುಗಳಲ್ಲೇ ಕಕ್ಷಿದಾರರ ಕಾಗದ ತಿರುವುತ್ತಿದ್ದರು. ಅವನ್ನೇ ಪಂಚೆಗೆ ಒರೆಸಿಕೊಂಡು, ಬಿ.ಎ. ಮುಗಿಸಿದ್ದ ನನ್ನ ತಲೆ ಸವರುತ್ತಿದ್ದರು. ಮನೆಯಲ್ಲಿ ಅವರನ್ನು ‘ನಮ್ಮ ವಕೀಲರು’ ಎನ್ನುತ್ತಿದ್ದೆವು. ಆ ‘ನಮ್ಮ’ ಎಂಬ ಮಾತು ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಅಪ್ಪ ರೈಲ್ವೆಯಲ್ಲಿದ್ದರು. ಐವತ್ತರ ದಶಕದ ಕೊನೆಯಲ್ಲಿ ತೀರಿಕೊಂಡಾಗ ಬಿಟ್ಟುಹೋದದ್ದು ವೆಸ್ಟ್ ಮಾಂಬಲಂನ ಒಂದು ಮನೆ ಮತ್ತು ಅದು ಅಮ್ಮನಿಗೆ ಸೇರಬೇಕೆಂದು ಕನ್ನಡದಲ್ಲಿ ಬರೆದ ಉಯಿಲು. ಮದರಾಸಿನಲ್ಲಿ ಅಂಥ ಉಯಿಲನ್ನು ಹೈಕೋರ್ಟಿನಲ್ಲಿ ರುಜುವಾತು ಮಾಡಿಸಬೇಕಿತ್ತು. ಅದಕ್ಕೆ ಸಾಕ್ಷಿ ಹಾಕಿದ ಇಬ್ಬರಲ್ಲಿ ಒಬ್ಬರಾದರೂ ಪ್ರಮಾಣ ಮಾಡಬೇಕು. ಅಪ್ಪನ ಮೊದಲ ಹೆಂಡತಿಯ ಮಗ ಬೊಂಬಾಯಿಯಲ್ಲಿದ್ದ. ಉಯಿಲು ನಿಲ್ಲದಿದ್ದರೆ ಮನೆ ಮಾರಿಸಿ ಪಾಲು ತೆಗೆದುಕೊಳ್ಳುತ್ತೇನೆಂದು ಅಮ್ಮನಿಗೇ ಕಾಗದ ಬರೆದಿದ್ದ. ಅಮ್ಮನಿಗೆ ಬೇರೆ ಸೂರು ಇರಲಿಲ್ಲ.

ಪಕ್ಕದ ಬೀದಿಯಲ್ಲೇ ಒಳ್ಳೆಯ ತಮಿಳು ವಕೀಲರಿದ್ದರು. ಆದರೆ ಉಯಿಲು ಕನ್ನಡದ್ದು, ಇವರು ನಮ್ಮ ಕರಾವಳಿಯವರು, ಅಪ್ಪನನ್ನು ‘ಅಣ್ಣ’ ಎಂದವರು. ಅಮ್ಮ ಉಯಿಲನ್ನು ಕವರಿನಲ್ಲಿಟ್ಟು, ದೇವರ ಹೂ ಕಟ್ಟುವ ಬಾಳೆನಾರಿನಿಂದ ಬಿಗಿದು ಎರಡು ಗಂಟು ಹಾಕಿ ಅವರ ಕೈಗೆ ಕೊಟ್ಟಳು.

“ನಿಶ್ಚಿಂತೆಯಿಂದ ಇರಿ ಅತ್ತಿಗೆ. ವರ್ಷಾಂತಿಕದೊಳಗೆ ಆಗಿಹೋಗ್ತದೆ” ಎಂದರು.

ವರ್ಷಾಂತಿಕಕ್ಕೆ ಅವರು ಬಂದರು, ಕೆಲಸ ಆಗಿರಲಿಲ್ಲ. ಎರಡನೆಯ ತಿಥಿಗೂ ಬಂದರು. ಮೂರನೆಯದಕ್ಕೂ ಬಂದರು. ಬಡಿಸಿದ್ದನ್ನು ಬೇಡ ಎಂದವರಲ್ಲ. ಎಣ್ಣೆಯಲ್ಲಿ ಕರಿದ ಸಿಹಿ ಸುಕ್ರುಂಡೆಯನ್ನು ಮುರಿಯದೆ ಇಡಿಯಾಗಿ ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಕೈ ತೊಳೆದ ಮೇಲೆ ಜಗಲಿಯಲ್ಲಿ ನಶ್ಯದ ಡಬ್ಬಿ ತೆರೆದು, “ಮುಂದಿನ ತಿಥಿಯೊಳಗೆ” ಎನ್ನುತ್ತಿದ್ದರು. ನಾನು ಒಮ್ಮೆ ಒತ್ತಿ ಕೇಳಿದ್ದಕ್ಕೆ, “ಕಾನೂನು ಅಂದ್ರೆ ಇಡ್ಲಿ ಹಿಟ್ಟಲ್ಲ ಮಾರಾಯ, ಬೆಳಗಾಗುವಷ್ಟರಲ್ಲಿ ಉಬ್ಬಿ ಬರ್ಲಿಕ್ಕೆ” ಎಂದು ನಕ್ಕರು. ಅಮ್ಮ ಆಮೇಲೆ ಬೈದದ್ದು ನನ್ನನ್ನೇ: “ನಮ್ಮವರನ್ನ ಹಾಗೆ ಪೀಡಿಸ್ತಾರಾ?”

ಎರಡನೆಯ ವರ್ಷವೇ ಸಾಕ್ಷಿಗಳಲ್ಲಿ ಒಬ್ಬರಾದ ನೆರೆಮನೆಯ ಡಾಕ್ಟರು ತೀರಿಕೊಂಡಿದ್ದರು. ಓಡಿಹೋಗಿ ತಿಳಿಸಿದೆ. ವಕೀಲರು “ಛೆ ಛೆ” ಎಂದು ಒಂದು ಚಿಟಿಕೆ ನಶ್ಯ ಏರಿಸಿ, “ಇನ್ನೊಬ್ಬರು ಇದ್ದಾರಲ್ಲ, ಕರೆಸುವಾ” ಎಂದರು. ಆ ಇನ್ನೊಬ್ಬರು ಯಾರೆಂದು ಕೇಳಲಿಲ್ಲ. ಕವರಿನಲ್ಲಿ ಹೆಸರಿದೆ, ನೋಡಿಯೇ ಇರುತ್ತಾರೆಂದು ನಾನೂ ಹೇಳಲಿಲ್ಲ.

ಆ ಇನ್ನೊಬ್ಬ ಸಾಕ್ಷಿ ನಮ್ಮ ಅಡುಗೆ ಭಟ್ಟರು. ತ್ಯಾಗರಾಯನಗರದ ಒಂದು ಹೋಟೆಲಿನಲ್ಲಿದ್ದವರು. ಪ್ರತಿ ತಿಥಿಗೂ ರಜೆ ಹಾಕಿ ಬಂದು ಮಡಿಯುಟ್ಟು ಒಲೆ ಮುಂದೆ ಕೂರುತ್ತಿದ್ದರು. ಅಡುಗೆಯ ಮಡಿಯಲ್ಲಿದ್ದವರು ನಡುಮನೆಗೆ ಬರುವಂತಿಲ್ಲ, ಬೀದಿಯಿಂದ ಬಂದವರು ಒಳಗೆ ಹೋಗುವಂತಿಲ್ಲ. ಹಾಗಾಗಿ ವಕೀಲರೂ ಭಟ್ಟರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. “ನನ್ನ ಸಹಿ ಯಾವಾಗ ಬೇಕು ಮಾಣಿ?” ಎಂದು ನನ್ನನ್ನು ವರ್ಷವರ್ಷವೂ ಕೇಳುತ್ತಿದ್ದರು. ನಾನು ವಕೀಲರ ಮಾತನ್ನೇ ಒಪ್ಪಿಸುತ್ತಿದ್ದೆ.

ನಾಲ್ಕನೆಯ ತಿಥಿಯ ಹೊತ್ತಿಗೆ ಭಟ್ಟರ ಪಾದಗಳು ಊದಿಕೊಂಡಿದ್ದವು. ಬ್ರಾಹ್ಮಣರ ಊಟ ಮುಗಿದು ಮನೆಯವರ ಪಂಕ್ತಿ ಕೂತಿತ್ತು. ಭಟ್ಟರದು ಮಾತ್ರ ಬೆಳಗಿನಿಂದ ಖಾಲಿ ಹೊಟ್ಟೆ. ನಾನು ಬಡಿಸಲು ವಡೆಯ ತಟ್ಟೆ ಎತ್ತಿಕೊಳ್ಳುವಾಗ ಅವರು ಕರಿಯುವ ಜಾರೆಯನ್ನು ಕೈಬಿಟ್ಟು ಎದೆ ಹಿಡಿದುಕೊಂಡರು. ಒಲೆಯ ಮೇಲಿನ ಬಾಣಲೆ ವಾಲಿತು. ಕಾದ ಎಣ್ಣೆ ನೆಲದಲ್ಲಿ ಹರಿದು ಅವರ ಪಾದದಿಂದ ಒಂದು ಗೇಣು ಈಚೆಗೆ ನಿಂತಿತು. ಆ ಗೇಣನ್ನು ನಾನು ಎಷ್ಟು ಸಲ ಅಳೆದಿದ್ದೇನೋ ಲೆಕ್ಕವಿಲ್ಲ. ಅವರು ಗೋಡೆಗೊರಗಿ ಕುಸಿದರು.

ನಡುಮನೆಯಿಂದ ವಕೀಲರ ದನಿ ಬಂತು: “ಎಂತ ಶಬ್ದ ಅದು? ಸುಕ್ರುಂಡೆ ಇನ್ನೊಂದು ಬರ್ಲಿ.”

ನಾನು ವಡೆಯ ತಟ್ಟೆ ಹಿಡಿದೇ ನಿಂತಿದ್ದೆ. ಭಟ್ಟರೇ ಬೂದಿಬಣ್ಣಕ್ಕೆ ತಿರುಗಿದ ತುಟಿ ಅಲ್ಲಾಡಿಸಿ, “ಹೆದರ್ಬೇಡ ಮಾಣಿ. ಬೆಂಕಿ ಆರ್ಸು ಮೊದ್ಲು” ಎಂದರು.

ಅಮ್ಮ ನಡುಮನೆಗೆ ಬಂದು ವಕೀಲರ ಎಲೆಯ ಮುಂದೆ ನಿಂತಳು.

“ಸಾಕ್ಷಿ ಇದ್ದಾರಲ್ಲ, ಕರೆಸುವಾ ಅಂದಿದ್ರಿ ವಕೀಲರೇ. ನಿಮಗೆ ವಡೆ ಕರಿದವರೇ ಸಾಕ್ಷಿ. ಒಳಗೆ ಬಿದ್ದಿದ್ದಾರೆ. ನಮ್ಮ ಕವರು ಕೊಡಿ.”

“ತಿಥಿಯ ದಿನ ಕೋರ್ಟಿನ ಮಾತು ಬೇಡ ಅತ್ತಿಗೆ.”

“ನೀವು ಬರೋದೇ ತಿಥಿಗೆ. ಮತ್ತೆ ಯಾವತ್ತು ಕೇಳ್ಲಿ?”

ಅವರು ತಲೆ ತಗ್ಗಿಸಿದರು. ನಾಚಿಕೆಯಿಂದ ಎಂದುಕೊಂಡೆ. ಅಲ್ಲ, ಎಲೆಯಲ್ಲಿ ಪಾಯಸ ಹರಿಯುತ್ತಿತ್ತು, ಅದನ್ನು ಬೆರಳಿಂದ ತಡೆದು ನೆಕ್ಕಿದರು. ಹೇಸಿಗೆ ಎಂದರೆ ಏನೆಂದು ನಾನು ಕಲಿತದ್ದು ಆ ಗಳಿಗೆಯಲ್ಲಿ.

ಭಟ್ಟರನ್ನು ಟ್ಯಾಕ್ಸಿಯಲ್ಲಿ ದೊಡ್ಡಾಸ್ಪತ್ರೆಗೆ ಸೇರಿಸಿ, ಅಲ್ಲಿಂದ ವಕೀಲರ ಮನೆಗೆ ಹೋದೆ. ಬೀರುವಿನ ಮೇಲಿನ ಕಟ್ಟುಗಳಿಂದ ನಮ್ಮ ಕವರನ್ನು ಹುಡುಕಿ ಎಳೆದು, ಧೂಳು ಊದಿ ಕೊಟ್ಟರು. ಬಾಳೆನಾರು ಒಣಗಿ ಕಡ್ಡಿಯಂತಾಗಿತ್ತು. ಒಣಗಿದ ನಾರನ್ನು ಬಿಚ್ಚಿದರೆ ಮುರಿಯುತ್ತದೆ, ಮತ್ತೆ ಕಟ್ಟಲಾಗುವುದಿಲ್ಲ. ಅಮ್ಮ ಹಾಕಿದ ಎರಡು ಗಂಟೂ ಹಾಗೇ ಇದ್ದವು.

ನಾಲ್ಕು ವರ್ಷ ಅವರು ಅದನ್ನು ತೆರೆದೇ ಇರಲಿಲ್ಲ. ನಾನು ಗಂಟನ್ನೇ ನೋಡುತ್ತಿರುವುದು ಕಂಡು, “ಜೋಪಾನವಾಗಿ ಇಟ್ಟಿದ್ದೆ ನೋಡು” ಎಂದರು.

ಪಕ್ಕದ ಬೀದಿಯ ತಮಿಳು ವಕೀಲರು ಆ ಸಂಜೆಯೇ ಪ್ರಮಾಣಪತ್ರ ಸಿದ್ಧಮಾಡಿದರು. ಮರುದಿನ ಪ್ರಮಾಣ ಮಾಡಿಸುವ ಅಧಿಕಾರಿಯನ್ನು ಆಸ್ಪತ್ರೆಗೇ ಕರೆತಂದರು. ಭಟ್ಟರನ್ನು ನಾನು ಹಿಂದಿನಿಂದ ಎತ್ತಿ ಕೂರಿಸಿ ಹಿಡಿದುಕೊಂಡೆ. ಅವರ ಉಸಿರು ನನ್ನ ಎದೆಗೆ ತಾಗುತ್ತಿತ್ತು. ಪ್ರತಿ ಸಲ ನಿಂತಾಗಲೂ ನನ್ನದೂ ನಿಲ್ಲುತ್ತಿತ್ತು. ಒಂದೊಂದೇ ಅಕ್ಷರ ತಿದ್ದಿ ಸಹಿ ಮುಗಿಸಿ, “ಇಷ್ಟಕ್ಕೆ ನಾಲ್ಕು ವರ್ಷವಾ ಮಾಣಿ?” ಎಂದರು. ಒಂಬತ್ತನೆಯ ದಿನ ಹೋಗಿಬಿಟ್ಟರು.

ಮನೆ ಅಮ್ಮನಿಗೆ ಉಳಿಯಿತು. ಅವಳು ಕೊನೆಯುಸಿರೆಳೆದದ್ದೂ ಅಲ್ಲಿಯೇ. ಅದು ಭಟ್ಟರ ಋಣ.

ಭಟ್ಟರು ಹೋದ ಕೆಲವು ವರ್ಷಗಳ ನಂತರ, ಅಮ್ಮ ಇನ್ನೂ ಇದ್ದಾಗಲೇ, ವಕೀಲರು ತೀರಿಕೊಂಡರು. ವೈಕುಂಠ ಸಮಾರಾಧನೆಯ ಕಾರ್ಡು ಬಂತು. ಅಮ್ಮ ಅದನ್ನು ಎರಡು ಸಲ ಓದಿಸಿಕೊಂಡಳು.

“ಹೋಗಿ ಬಾ. ಎಷ್ಟಾದ್ರೂ ನಿಮ್ಮಪ್ಪನ್ನ ಅಣ್ಣ ಅಂದವರು” ಎಂದಳು. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಿಗೆ ಬಂದು ಹೇಳಿದಳು: “ಊಟಕ್ಕೆ ಕೂರಬೇಡ.”