ರೆನೀ ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ

ಮೊದಲು ಬಂದದ್ದು ತಲೆನೋವು.

ಶನಿವಾರ ಬೆಳಿಗ್ಗೆ ರೆನೀ ಅಡುಗೆಮನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಬೆರಳುಗಳು ಊದಿದ್ದವು. ಬಲಗಡೆ ಪಕ್ಕೆಲುಬಿನ ಕೆಳಗೆ ಯಾರೋ ಮುಷ್ಟಿಯಿಂದ ಒತ್ತಿ ಹಿಡಿದ ಹಾಗಿದೆ ಎಂದಳು. ಅದು ಬಸಿರಿನ ಇಪ್ಪತ್ತೆಂಟನೆಯ ವಾರ.

"ಪ್ರಿಎಕ್ಲಾಂಪ್ಸಿಯಾ ಇರಬಹುದು. ಆಸ್ಪತ್ರೆಗೆ ಹೋಗೋಣ."

ಬಸಿರಿನಲ್ಲಿ ಬಿ.ಪಿ. ಏರಿ ಜೀವಕ್ಕೇ ಅಪಾಯ ತರುವ ಕಾಯಿಲೆ ಅದು. ಸುಮ್ಮಸುಮ್ಮನೆ ಹೆದರುವವಳಲ್ಲ ಅವಳು. ಫಾರ್ಮಸಿಸ್ಟ್. ದಿನವೂ ಹತ್ತಾರು ಜನರ ಬಿ.ಪಿ. ಮಾತ್ರೆಗಳನ್ನು ಎಣಿಸಿ ಕೊಡುವವಳು. ಹುಟ್ಟಿ ಬೆಳೆದದ್ದು ಹ್ಯೂಸ್ಟನ್ನಿನಲ್ಲಿ, ಕಪ್ಪು ಜನರ ಒಂದು ಹಳೆಯ ಬಡಾವಣೆಯಲ್ಲಿ. ನಾನು ಮೈಸೂರಿನವನು. ಮದುವೆಯಾಗಿ ಆಸ್ಟಿನ್ನಿನ ಪಕ್ಕದ ಲಿಯಾಂಡರಿಗೆ ಬಂದು ಐದು ವರ್ಷ. ಮನೆಯಲ್ಲಿ ನಮ್ಮ ಮಾತು ಇಂಗ್ಲಿಷಿನಲ್ಲೇ. ಅವಳ ಮಾತುಗಳನ್ನು ಇಲ್ಲಿ ನನ್ನ ಭಾಷೆಗೆ ತಂದು ಬರೆಯುತ್ತಿದ್ದೇನೆ. ತರುವಾಗ ಅವಳ ದನಿ ಕಳೆದುಹೋದರೆ ಅದು ನನ್ನ ತಪ್ಪು. ಅಂಥ ತಪ್ಪು ನಾನು ಮಾಡುತ್ತಿರುವುದು ಇದೇ ಮೊದಲಲ್ಲ.

ಆಸ್ಟಿನ್ನಿನ ಆಸ್ಪತ್ರೆಯಲ್ಲಿ ಬಿ.ಪಿ. ನೂರ ನಲವತ್ತೆಂಟು ಬಂತು. ಅರ್ಧ ಗಂಟೆ ಮಲಗಿಸಿ ಮತ್ತೆ ನೋಡಿದರು. ಸ್ವಲ್ಪ ಇಳಿದಿತ್ತು. ಪಕ್ಕೆಯ ನೋವು ಅಸಿಡಿಟಿ, ತಲೆನೋವು ನೀರು ಕಡಿಮೆಯಾಗಿ ಬಂದದ್ದು ಎಂದರು. ನೋವಿನ ಮಾತ್ರೆ ಟೈಲೆನಾಲ್ ಕೊಟ್ಟು ಮನೆಗೆ ಕಳಿಸಿದರು. ನನಗೆ ನಿರಾಳವಾಯಿತು. ರೆನೀ ಕಾರಿನಲ್ಲಿ ಪಕ್ಕೆ ಒತ್ತಿಕೊಂಡೇ ಕೂತಿದ್ದಳು.

ಸೋಮವಾರ ಮಧ್ಯಾಹ್ನ ಮತ್ತೆ ಹೋದೆವು.

ನೋವು ಹತ್ತರಲ್ಲಿ ಎಷ್ಟು ಎಂದು ನರ್ಸ್ ಕೇಳಿದಳು. "ಎಂಟು" ಎಂದಳು ರೆನೀ.

"ಎಂಟು ಅನ್ನೋರು ಇಷ್ಟು ಸಮಾಧಾನವಾಗಿ ಮಾತಾಡೋದನ್ನ ನಾನು ನೋಡಿಲ್ಲ" ಎಂದು ನರ್ಸ್ ನಕ್ಕಳು.

ಆ ಸಮಾಧಾನ ರೆನೀ ಚಿಕ್ಕಂದಿನಿಂದ ಕಲಿತದ್ದು. ದನಿ ಏರಿಸಿದರೆ ಜಗಳಗಂಟಿ ಎನ್ನುತ್ತಾರೆ, ಇಳಿಸಿದರೆ ನೋವೇ ಇಲ್ಲ ಎನ್ನುತ್ತಾರೆ ಎಂದು ಅವಳು ಎಂದೋ ಹೇಳಿದ್ದಳು. ಇದು ಎಲ್ಲೋ ಇನ್ನೊಂದು ಕಾಲದ ಮಾತೆಂದು ನಾನು ತಲೆಯಾಡಿಸಿದ್ದೆ.

ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನವರು, ಒರಟಲ್ಲ. ತಾನು ಫಾರ್ಮಸಿಸ್ಟ್ ಎಂದು ರೆನೀ ಹೇಳಿದಳು. ತನಗೆ ಯಾವುದರ ಅನುಮಾನ ಎಂದೂ ಹೇಳಿದಳು. ಇಂಟರ್ನೆಟ್ಟಿನಲ್ಲಿ ಓದಿ ಹೆದರಿಕೊಳ್ಳಬೇಡಿ ಎಂದು ಅವರು ಉತ್ತರಿಸಿದ್ದು ನನ್ನ ಮುಖ ನೋಡಿಕೊಂಡು. ಮೂತ್ರ ಪರೀಕ್ಷೆ ಮಾಡಿದರು. ಅದರಲ್ಲಿ ಡ್ರಗ್ಸ್ ಇದೆಯೇ ಎಂದೂ, ನಮ್ಮನ್ನು ಕೇಳದೆ, ನೋಡಿದ್ದರೆಂದು ಆಮೇಲೆ ತಿಳಿಯಿತು. ರಕ್ತ ತೆಗೆಯಲಿಲ್ಲ.

ಮೂತ್ರದ ಸ್ಯಾಂಪಲ್ ಕೊಡಲು ರೆನೀ ಒಳಗೆ ಹೋಗಿದ್ದಾಗ ನಾನು ಆ ನರ್ಸಿಗೆ ಒಂದು ಮಾತು ಹೇಳಿದೆ. ಯಾಕೆ ಹೇಳಿದೆ ಎಂದು ನಾಲ್ಕು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ. ನಾವು ತೊಂದರೆ ಕೊಡುವ ಜನ ಅಂದುಕೊಳ್ಳದಿರಲಿ ಎಂದಿರಬೇಕು. ಈ ದೇಶದಲ್ಲಿ ಹದಿನಾಲ್ಕು ವರ್ಷ ಹಾಗೇ ಬದುಕಿದ್ದೇನೆ, ಯಾರಿಗೂ ತೊಂದರೆ ಕೊಡದೆ, ನಗುತ್ತ.

"ಮೊದಲನೇ ಬಸಿರು. ಸ್ವಲ್ಪ ಟೆನ್ಷನ್ ಮಾಡ್ಕೋತಾಳೆ" ಎಂದೆ.

ಬುಧವಾರ ಬೆಳಿಗ್ಗೆ ರೆನೀ ಎರಡು ಸಲ ವಾಂತಿ ಮಾಡಿಕೊಂಡಳು. ಕಣ್ಣ ಮುಂದೆ ಬೆಳಕಿನ ಚುಕ್ಕೆಗಳು ಕಾಣುತ್ತಿವೆ ಎಂದಳು. ಡಲ್ಲಾಸಿನ ಆಚೆ ಅಲೆನ್‌ನಲ್ಲಿರುವ ಶಾರದಾ ಆಂಟಿಗೆ ಫೋನ್ ಮಾಡಿದೆ. ಅವರು ಅಮ್ಮನ ಗೆಳತಿ, ಬಹಳ ವರ್ಷ ಹೆರಿಗೆ ಡಾಕ್ಟರಾಗಿದ್ದು ಈಗ ನಿವೃತ್ತರು.

"ಬ್ಲಡ್ ಟೆಸ್ಟ್ ಮಾಡಿದ್ರಾ? ಪ್ಲೇಟ್‌ಲೆಟ್ಸ್, ಲಿವರ್?"

"ಇಲ್ಲ ಆಂಟಿ."

"ಎರಡು ಸಲ ಹೋದ್ರೂ?"

"ಇಲ್ಲ."

ಆಂಟಿಯ ದನಿ ಗಟ್ಟಿಯಾಯಿತು. "ಫೋನ್ ಇಡು ಶ್ರೀಧರ. ಈಗ್ಲೇ ಹೊರಡು. ಬ್ಲಡ್ ರಿಪೋರ್ಟ್ ನೋಡೋವರೆಗೂ ಅಲ್ಲಿಂದ ಎದ್ದು ಬರಬೇಡ. ಗೊತ್ತಾಯ್ತಾ?"

ದಾರಿಯಲ್ಲಿ ಸೀಡರ್ ಪಾರ್ಕ್ ಊರು ದಾಟುವಾಗ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿದೆ ಎಂದಳು ರೆನೀ. ಆಮೇಲೆ ಸೀಟು ಮುಟ್ಟಿ ನೋಡಿಕೊಂಡಳು. ಕೈ ಕೆಂಪಾಗಿತ್ತು.

ಈ ಸಲ ಎಲ್ಲರೂ ಓಡಿದರು.

ಬಿ.ಪಿ. ನೂರ ತೊಂಬತ್ತೆಂಟು. ಪ್ಲೇಟ್‌ಲೆಟ್ಸ್ ಕುಸಿದಿದ್ದವು, ಲಿವರ್ ಹಾಳಾಗುತ್ತಿತ್ತು, ಮಗುವನ್ನು ಪೋಷಿಸುವ ಪ್ಲಾಸೆಂಟಾ ಗರ್ಭಕೋಶದಿಂದ ಬಿಟ್ಟುಕೊಂಡಿತ್ತು. ಪ್ರಿಎಕ್ಲಾಂಪ್ಸಿಯಾ ವಿಕೋಪಕ್ಕೆ ಹೋಗಿದೆ, HELLP, 'ಹೆಲ್ಪ್' ಎಂದರು. ಆ ಹೆಸರು ಕೇಳಿದಾಗ ಯಾರೋ ಸಹಾಯಕ್ಕೆ ಕೂಗಿದರೆಂದು ನಾನು ತಿರುಗಿ ನೋಡಿದೆ. ಈಗಲೇ ಆಪರೇಷನ್ ಮಾಡಿ ಮಗುವನ್ನು ತೆಗೆಯಬೇಕು, ಪೂರ್ತಿ ಅನಸ್ತೇಷಿಯಾ ಕೊಡಬೇಕು, ನೀವು ಒಳಗೆ ಬರುವ ಹಾಗಿಲ್ಲ ಎಂದರು. ಬಾಗಿಲು ಮುಚ್ಚಿತು.

ಹೆಣ್ಣು ಮಗು. ಒಂಬೈನೂರ ಅರವತ್ತು ಗ್ರಾಂ.

ರೆನೀಯ ತಾಯಿ ಡೊರೊತಿ ಹ್ಯೂಸ್ಟನ್ನಿನಿಂದ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದರು. ರೆನೀ ಐಸಿಯುನಲ್ಲಿದ್ದಳು, ಮಗು ಇನ್ನೊಂದು ಮಹಡಿಯ ಎನ್‌ಐಸಿಯುನಲ್ಲಿ, ಹಸುಗೂಸುಗಳ ಐಸಿಯುನಲ್ಲಿ. ನಾವಿಬ್ಬರೂ ನಡುವಿನ ವೇಟಿಂಗ್ ರೂಮಿನಲ್ಲಿ ಕೂತಿದ್ದೆವು. ಡೊರೊತಿ ಕೋಟು ತೆಗೆಯಲೂ ಇಲ್ಲ.

"ರೆನೀ ಆದ ಮೇಲೆ ನನಗೊಂದು ಗಂಡು ಮಗು ಇತ್ತು. ಹೇಳಿದ್ದಾಳಾ ನಿನಗೆ?"

ಇಲ್ಲವೆಂದೆ.

"ಹೊಟ್ಟೇಲಿ ಮಗು ಆಡ್ತಾ ಇಲ್ಲ ಅಂತ ಹೋಗಿ ಹೇಳಿದೆ. ಮನೆಗೆ ಹೋಗಿ ಮಲಗು ಅಂದ್ರು. ಮಲಗಿದೆ." ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. "ನಾನು ಓದಿದವಳಲ್ಲ, ಸರಿಯಾಗಿ ಹೇಳೋಕೆ ಬರಲಿಲ್ಲ, ಅದಕ್ಕೇ ಹೀಗಾಯ್ತು ಅಂದ್ಕೊಂಡೆ. ಅದಕ್ಕೇ ಇವಳನ್ನ ಓದಿಸಿದೆ."

ಒಳ್ಳೆಯ ಇನ್ಶೂರೆನ್ಸ್, ಒಳ್ಳೆಯ ಆಸ್ಪತ್ರೆ, ಓದು, ಕೆಲಸ, ಇಷ್ಟಿದ್ದರೆ ಆಪತ್ತು ಬಾಗಿಲಾಚೆ ನಿಲ್ಲುತ್ತದೆ ಎಂದು ನಾನೂ ನಂಬಿದ್ದೆ. ನನ್ನ ಮಟ್ಟಿಗೆ ಅದು ನಿಂತೂ ಇತ್ತು. ಆದರೆ ಆ ಬಾಗಿಲು ನನ್ನ ಹೆಂಡತಿಗೆ ಯಾವತ್ತೂ ಪೂರ್ತಿ ಮುಚ್ಚುತ್ತಿರಲಿಲ್ಲ ಎನ್ನುವುದನ್ನು ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ರೆನೀಯನ್ನು ಮಂಚದ ಸಮೇತ ಎನ್‌ಐಸಿಯುಗೆ ತಂದರು. ಮಗುವಿನ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು, ಉಳಿಯುವುದಿಲ್ಲ ಎಂದಿದ್ದರು. ಟ್ಯೂಬುಗಳನ್ನು ತೆಗೆದು ರೆನೀಯ ಎದೆಯ ಮೇಲೆ ಮಲಗಿಸಿದರು. ನನ್ನ ಅಜ್ಜಿಯ ಹೆಸರು ಗೌರಿ, ಅವಳ ಅಜ್ಜಿಯ ಹೆಸರು ರೂತ್. ಗೌರಿ ರೂತ್ ಎಂದು ಕರೆದೆವು. ಡೊರೊತಿ ಮೆಲ್ಲಗೆ ಏನೋ ಹಾಡುತ್ತಿದ್ದರು. ಮಗು ನಲವತ್ತು ನಿಮಿಷ ಉಸಿರಾಡಿತು.

ಹ್ಯೂಸ್ಟನ್ನಿನಲ್ಲಿ, ಡೊರೊತಿಯ ಮಗನ ಸಮಾಧಿಯ ಪಕ್ಕದಲ್ಲಿ ಮಣ್ಣು ಮಾಡಿದೆವು.

ಮನೆಗೆ ಬಂದ ಮೇಲೆ ನಮ್ಮ ಕನ್ನಡದವರು ತುಂಬ ಜನ ಬಂದರು. ಊಟ ತಂದರು. ಪಾತ್ರೆ ತೊಳೆದಿಟ್ಟು ಹೋದರು. ಅವರ ಉಪಕಾರ ದೊಡ್ಡದು. ಒಬ್ಬ ಅಂಕಲ್ ಮಾತ್ರ, ಕೆಟ್ಟ ಮನಸ್ಸಿನಿಂದಲ್ಲ, ನನ್ನನ್ನು ಪಕ್ಕಕ್ಕೆ ಕರೆದು, "ಅವರ ಜನಕ್ಕೆ ಬಿ.ಪಿ. ಜಾಸ್ತಿ ಅಂತೆ, ಅಲ್ವಾ?" ಎಂದರು. ಬ್ಲಡ್ ಟೆಸ್ಟ್ ಮಾಡಲಿಲ್ಲ ಅಂಕಲ್ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಶಾರದಾ ಆಂಟಿ ಅಲೆನ್‌ನಿಂದ ಬಂದು ಎರಡು ದಿನ ಇದ್ದರು. ಹೊರಡುವಾಗ ಕಾರಿನ ಬಳಿ ನಿಂತು ಅಂದರು: "ನಾನೂ ಆ ರೂಮುಗಳಲ್ಲಿದ್ದೆ ಕಣೋ. ಎಷ್ಟು ಜನಾನ ಹೀಗೇ ಟೈಲೆನಾಲ್ ಕೊಟ್ಟು ಮನೆಗೆ ಕಳಿಸಿದ್ದೀನೋ. ಯಾರು ನೋವು ಅಂದಾಗ ನಂಬಿದೆ, ಯಾರನ್ನ ನಂಬಲಿಲ್ಲ ಅಂತ ಈಗ ಕೂತು ಯೋಚನೆ ಮಾಡ್ತೀನಿ." ನಾನು ಅವರನ್ನು ಸಮಾಧಾನಪಡಿಸಲಿಲ್ಲ.

ಆರು ವಾರದ ನಂತರ ಆಸ್ಪತ್ರೆಯ ರೆಕಾರ್ಡ್ಸ್ ಬಂದವು. ರೆನೀ ಊಟದ ಟೇಬಲ್ಲಿನಲ್ಲಿ ಕೂತು ಒಂದೊಂದೇ ಹಾಳೆ ಓದಿದಳು. ಒಂದು ಹಾಳೆಯ ಮೇಲೆ ಅವಳ ಕೈ ನಿಂತಿತು. ಸೋಮವಾರದ ಟಿಪ್ಪಣಿ ಅದು. ರೋಗಿ ಆರಾಮವಾಗಿ ಕಾಣುತ್ತಾರೆ. ಗಂಡನ ಪ್ರಕಾರ ಆತಂಕದ ಸ್ವಭಾವ.

"ನಾನು ಬಾತ್‌ರೂಮಿಗೆ ಹೋದಾಗ ಹೇಳಿದ್ಯಾ?"

"ಹೌದು."

ಅವಳು ಹಾಳೆಯನ್ನು ನನ್ನ ಕಡೆ ಸರಿಸಿದಳು. "ಕಾಯಿಲೆ ಹೆಸರು ಹೇಳಿದ್ದೆ, ನನ್ನ ಕೆಲಸ ಏನು ಅಂತ ಹೇಳಿದ್ದೆ. ಯಾವುದೂ ಇದರಲ್ಲಿಲ್ಲ. ನಿನ್ನ ಒಂದು ವಾಕ್ಯ ಇದೆ."

ಹನ್ನೊಂದು ದಿನ ಅವಳು ಹ್ಯೂಸ್ಟನ್ನಿನಲ್ಲಿ ತಾಯಿಯ ಜೊತೆ ಇದ್ದಳು. ಹನ್ನೆರಡನೆಯ ದಿನ ವಾಪಸ್ ಬಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅದೂ ಅವಳ ಮೇಲೆ ಇನ್ನೊಂದು ಹೊರೆ. ನನ್ನ ಆ ಒಂದು ಮಾತಿಲ್ಲದಿದ್ದರೆ ರಕ್ತ ತೆಗೆಯುತ್ತಿದ್ದರೇ? ಬಹುಶಃ ಇಲ್ಲ. ಬಹುಶಃ ತೆಗೆಯುತ್ತಿದ್ದರು. ಈ ಎರಡರ ನಡುವೆಯೇ ನಾನು ಇನ್ನು ಇರಬೇಕು.

ಹೋದ ತಿಂಗಳಿಂದ ಅವಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ, ವಾರಕ್ಕೆ ಮೂರು ದಿನ. ಮೊನ್ನೆ ಔಷಧದ ಅಂಗಡಿಗೆ ಒಬ್ಬಳು ಬಂದಳಂತೆ. ಅವಳೂ ಕಪ್ಪು ಹುಡುಗಿ, ಏಳೆಂಟು ತಿಂಗಳ ಬಸುರಿ, ಕೈಯಲ್ಲಿ ಅಸಿಡಿಟಿ ಮಾತ್ರೆಗೆ ಡಾಕ್ಟರು ಬರೆದ ಚೀಟಿ. ಮುಖ ಊದಿತ್ತಂತೆ. ರೆನೀ ಕೌಂಟರಿನಿಂದ ಹೊರಗೆ ಬಂದು, ಅವಳನ್ನು ಕೂರಿಸಿ, ಬಿ.ಪಿ. ನೋಡಿ, ಆಸ್ಪತ್ರೆಗೆ ತಾನೇ ಫೋನ್ ಮಾಡಿದಳು. ಫಾರ್ಮಸಿಸ್ಟ್ ಮಾತಾಡುತ್ತಿದ್ದೇನೆ, ರಕ್ತ ಪರೀಕ್ಷೆ ಆಗಲೇಬೇಕು ಎಂದಳು. ಅತ್ತ ಕಡೆಯವರು ಕೂಡಲೇ ಕಳಿಸಿ ಎಂದರು. ಸಂಜೆ ವಿಚಾರಿಸಿದಾಗ ಅಡ್ಮಿಟ್ ಮಾಡಿಕೊಂಡಿದ್ದೇವೆ ಎಂದಷ್ಟೇ ಹೇಳಿದರು. ಮುಂದೆ ಏನಾಯಿತೋ ನಮಗೆ ಗೊತ್ತಿಲ್ಲ.

ಮನೆಗೆ ಬಂದು ಇಷ್ಟನ್ನೂ ಹೇಳಿ ರೆನೀ ಊಟದ ಟೇಬಲ್ಲಿಗೆ ಬಂದು ಕೂತಳು.

"ಒಂದೇ ಸಲಕ್ಕೆ ಕೇಳಿದ್ರು" ಎಂದಳು. "ಫೋನಿನಲ್ಲಿ ನನ್ನ ಮುಖ ಕಾಣಲ್ಲ ನೋಡು."

ಅವಳಿಗೆ ಊಟ ಬಡಿಸಿದೆ. ಉಂಡಳು. ಎದುರಿಗೆ ಕೂತು ಅವಳು ಉಣ್ಣುವುದನ್ನೇ ನೋಡುತ್ತಿದ್ದೆ.